ಖಾಲಿ ಕ್ಯಾರಿಯರ್

ನಾನು ಆಸ್ಪತ್ರೆಯ ಬಟ್ಟೆ ಒಗೆಯುವ ಕಡೆ ಕೆಲಸ ಮಾಡುವವಳು. ರಕ್ತ, ಕೀವು, ವಾಂತಿ, ಇನ್ನೂ ಹೆಸರು ಹೇಳಬಾರದ್ದೆಲ್ಲ ಅಂಟಿದ ಹಾಸು ಹೊದಿಕೆಗಳು ಮೇಲಿನ ಮಹಡಿಗಳಿಂದ ನಮ್ಮ ನೆಲಮಾಳಿಗೆಗೆ ಬಂದು ಬೀಳುತ್ತವೆ. ಅವನ್ನು ಬಿಡಿಸಿ, ಬೇರೆಬೇರೆ ಮಾಡಿ, ಯಂತ್ರಕ್ಕೆ ತುಂಬುವುದು ನನ್ನ ಪಾಲು. ಅದರಿಂದ ನನಗೆ ಒಂದು ದಿನವೂ ಹೇಸಿಗೆಯಾಗಿಲ್ಲ. ಕಾಯಿಲೆ ಬಿದ್ದವರು, ಪಾಪ, ಅವರದೇನು ತಪ್ಪು? ತಣ್ಣೀರಿನಲ್ಲಿ ನೆನೆಸಿದರೆ ಕಲೆ ಬಿಡುತ್ತದೆ.

ನನಗೆ ಹೇಸಿಗೆಯಾಗುವುದು ರೈಲಿನಲ್ಲಿ. ಈ ಪರದೇಶದ ದೊಡ್ಡ ಊರಿನಲ್ಲಿ ರೈಲು ನೆಲದಡಿಯಲ್ಲಿ ಓಡುತ್ತದೆ, ಹೆಗ್ಗಣದ ಹಾಗೆ. ಹಿಡಿದುಕೊಳ್ಳುವ ಕಂಬ ಯಾವ ಹೊತ್ತಿನಲ್ಲೂ ಬೆಚ್ಚಗೆ, ಸ್ವಲ್ಪ ಅಂಟಂಟು. ಒಬ್ಬ ಮಹಾಶಯ ಉಗುರು ಕತ್ತರಿಸುತ್ತ ಕೂತಿರುತ್ತಾನೆ, ಚೂರು ಹಾರಿ ಪಕ್ಕದವಳ ಮಡಿಲಿಗೆ ಬೀಳುತ್ತದೆ. ಇನ್ನೊಬ್ಬ ಷೂ ಬಿಚ್ಚಿ ಎದುರು ಸೀಟಿನ ಮೇಲೆ ಕಾಲು ಚಾಚುತ್ತಾನೆ, ಸಾಕ್ಸಿನ ತೂತಿನಿಂದ ಹೆಬ್ಬೆರಳು ಹೊರಗೆ ಬಂದು ಎಲ್ಲರನ್ನೂ ವಿಚಾರಿಸಿಕೊಳ್ಳುತ್ತಿರುತ್ತದೆ. ಸೀನಿ ಕೈಯನ್ನು ಸೀಟಿಗೆ ಒರೆಸುವವರು, ಅಗಿದ ಗಮ್ಮನ್ನು ಕಿಟಕಿಗೆ ಮೆತ್ತುವವರು, ಅಬ್ಬಬ್ಬಾ! ಮನೆಗೆ ಬಂದು ಮೊಣಕೈವರೆಗೆ ಸೋಪು ಹಾಕಿ ತೊಳೆಯದೆ ನಾನು ನೀರಿನ ಲೋಟವನ್ನೂ ಮುಟ್ಟುವುದಿಲ್ಲ. ಮನೆಯಲ್ಲಿ ನನಗೆ 'ಮಡಿ ಮಹಾರಾಣಿ' ಎಂದು ಅಡ್ಡಹೆಸರು. ಇರಲಿ.

ಮನೆ ಎಂದರೆ ಟೈರ್ ಅಂಗಡಿಯ ಮೇಲಿನ ಎರಡು ಕೋಣೆ. ಅಕ್ಕ, ಭಾವ, ಅವರ ಮಗಳು ಪುಟ್ಟಿ, ಮತ್ತೆ ನಾನು. ಅಕ್ಕ ಭಾವ ಇಲ್ಲಿಗೆ ಬಂದು ಬಹಳ ಕಾಲವಾಯಿತು. ಅಷ್ಟೂ ಕಾಲ ಪುಟ್ಟಿ ಊರಿನಲ್ಲಿ ನನ್ನ ಬಳಿಯೇ ಬೆಳೆದಳು. ಅವಳ ಶಾಲೆ ಮುಗಿಯುವ ಹೊತ್ತಿಗೆ ಇಬ್ಬರೂ ಒಂದೇ ವಿಮಾನದಲ್ಲಿ ಬಂದಿಳಿದೆವು. ಅವಳು ಬಂದ ವರ್ಷದಲ್ಲೇ ಇಲ್ಲಿಯ ಭಾಷೆ ಕಲಿತು ಅರಳು ಹುರಿದ ಹಾಗೆ ಮಾತಾಡತೊಡಗಿದಳು. ನನಗೆ ಬಂದದ್ದು ರೈಲಿನೊಳಗೆ ಮೈಕಿನಲ್ಲಿ ಮಾತಾಡುವ ಹೆಂಗಸು ಕಲಿಸಿದಷ್ಟೇ. 'ಬಾಗಿಲು ಮುಚ್ಚುತ್ತಿದೆ, ದಯವಿಟ್ಟು ದೂರ ನಿಲ್ಲಿ.' 'ಇಳಿಯುವವರಿಗೆ ಮೊದಲು ದಾರಿ ಬಿಡಿ.' 'ಅನುಮಾನ ಬರುವಂಥ ವಸ್ತು ಕಂಡರೆ ಮುಟ್ಟಬೇಡಿ, ಹಳದಿ ಗುಂಡಿ ಒತ್ತಿ ಸಿಬ್ಬಂದಿಗೆ ತಿಳಿಸಿ.' ಅಂಗಡಿಯಲ್ಲಿ ಯಾರಾದರೂ ಅಡ್ಡ ನಿಂತರೆ ನಾನು 'ಬಾಗಿಲು ಮುಚ್ಚುತ್ತಿದೆ' ಎನ್ನುತ್ತೇನೆ. ಅವರು ನಗುತ್ತಾರೆ, ಆದರೆ ಸರಿಯುತ್ತಾರೆ. ಕೆಲಸ ಆಯಿತಲ್ಲ!

ಅಕ್ಕನೂ ನನ್ನ ಆಸ್ಪತ್ರೆಯಲ್ಲೇ, ಒಣಗಿದ ಬಟ್ಟೆ ಮಡಿಸುವ ಕಡೆ. ನನ್ನದು ಬೆಳಗಿನ ಪಾಳಿ, ಅವಳದು ಸಂಜೆ ಮುಗಿಯುವ ಪಾಳಿ. ಅವಳು ಕೆಲಸಕ್ಕೆ ಹೊರಟರೆ ಕೈಯಲ್ಲಿ ನಾಲ್ಕು ಡಬ್ಬಿಯ ದೊಡ್ಡ ಸ್ಟೀಲ್ ಕ್ಯಾರಿಯರ್ ಇರಲೇಬೇಕು. ಆಸ್ಪತ್ರೆಯಲ್ಲಿ ನಮಗೆಲ್ಲ ಪುಕ್ಕಟೆ ಊಟ ಕೊಡುತ್ತಾರೆ, ಆದರೂ.

"ಅಕ್ಕ, ಇಡೀ ರೈಲಿಗೆ ಬಡಿಸ್ತೀಯಾ?" ಎಂದು ನಾನು ಕಿಚಾಯಿಸುತ್ತಿದ್ದೆ.

"ಸುಮ್ನೆ ಇರೇ, ನಿನಗೇನು ಗೊತ್ತು," ಎನ್ನುತ್ತಿದ್ದಳು.

ಇನ್ನು ರೈಲು ಮಾಮನ ಸಂಗತಿ ಹೇಳಬೇಕು. ಅವರು ನಮ್ಮ ನೆಂಟರಲ್ಲ. ಈ ಊರಿನಲ್ಲಿರುವ ನಮ್ಮ ಭಾಷೆಯವರಿಗೆಲ್ಲ ಮಾಮ. ನಿವೃತ್ತಿಯಾದ ಮೇಲೆ ಅವರಿಗೆ ರೈಲೇ ಮನೆ. ಯಾವ ಬೋಗಿ ಹತ್ತಿದರೆ ಇಳಿದ ಕಡೆ ಮೆಟ್ಟಿಲು ಮುಂದೇ ಸಿಗುತ್ತದೆ, ಯಾವ ನಿಲ್ದಾಣದಲ್ಲಿ ಜೇಬುಗಳ್ಳರು, ಖಾಲಿ ಬೋಗಿ ಯಾಕೆ ಹತ್ತಬಾರದು, ಬಾಗಿಲ ಬಳಿ ಯಾಕೆ ಫೋನ್ ತೆಗೆಯಬಾರದು, ಎಲ್ಲ ಬಾಯಿಪಾಠ. ಸುಳ್ಳು ಯಾಕೆ ಹೇಳಲಿ, ಅವರು ಹೇಳಿದ್ದರಲ್ಲಿ ಒಂದೂ ತಪ್ಪಿರಲಿಲ್ಲ. ಭಾವ ಹೊಸದಾಗಿ ಬಂದಾಗ ಕೋಣೆ ಹುಡುಕಿ ಕೊಟ್ಟವರು, ಕೆಲಸಕ್ಕೆ ಹಚ್ಚಿದವರು ಅವರೇ. ದೊಡ್ಡ ನಿಲ್ದಾಣದ ಗಡಿಯಾರದ ಕೆಳಗೆ ಸಂಜೆ ನಮ್ಮ ಹೆಂಗಸರೆಲ್ಲ ಸೇರುತ್ತಾರೆ. ಮಾಮ ಎಲ್ಲರನ್ನೂ ಒಂದೇ ಬೋಗಿಗೆ ಹತ್ತಿಸಿ, ಯಾರು ಎಲ್ಲಿ ಕೂರಬೇಕು ಎಂದು ಕೂರಿಸಿ, ಅವರವರ ನಿಲ್ದಾಣದಲ್ಲಿ ಇಳಿಸಿ, ಕೊನೆಗೆ ತಾವು ಮನೆಗೆ ಹೋಗುತ್ತಾರೆ. ಊರಿಗೆ ಉಪಕಾರಿ. ಕೈ ತೊಳೆದು ಮುಟ್ಟಬೇಕಾದಂಥ ಮನುಷ್ಯ ಎಂದು ಭಾವ ಹೊಗಳುತ್ತಿದ್ದರು.

ನಾನು ಮಾತ್ರ ಅವರ ಗುಂಪಿಗೆ ಸೇರಲಿಲ್ಲ. ಕಾರಣ ಏನೂ ದೊಡ್ಡದಲ್ಲ. ಮಾಮನ ಬಾಯಲ್ಲಿ ಸದಾ ಲವಂಗ. ಅದನ್ನು ಅಗಿದು ಅಗಿದು, ಆ ನಾರನ್ನು ಬೆರಳಿನಿಂದ ತೆಗೆದು, ಬೆರಳನ್ನು ಕರ್ಚೀಫಿಗೆ ಒರೆಸುವುದು. ಆ ಕರ್ಚೀಫು ಎಂದಾದರೂ ನೀರು ಕಂಡಿದೆಯೋ ಇಲ್ಲವೋ. ಮೊದಲನೆಯ ದಿನ ಅವರ ಪಕ್ಕ ಕೂತವಳು ತಡೆಯಲಾರದೆ ಎದ್ದುಹೋದೆ, ಆಮೇಲೆ ಒಬ್ಬಳೇ ಓಡಾಡಿಕೊಂಡೆ. "ನಿನ್ನ ಬಾಯಿಗೆ ಹೆದರಿ ಕಳ್ಳರೂ ಹತ್ತಿರ ಬರಲ್ಲ ಬಿಡು," ಎಂದರು ಭಾವ.

ಹೀಗಿರುವಾಗ ಪುಟ್ಟಿಗೆ ಕೆಲಸ ಸಿಕ್ಕಿತು. ಕಟ್ಟಿಸಿಕೊಳ್ಳುವ ಹಲ್ಲುಗಳನ್ನು ತಯಾರಿಸುವ ಕಡೆ. ಮೇಣದಲ್ಲಿ ದವಡೆ ಮಾಡಿ ಹಲ್ಲು ಕೂರಿಸುವುದು ಅವಳ ಕೆಲಸ. ಅದೇನು ಸಂಭ್ರಮ ಅವಳಿಗೆ! ಊಟಕ್ಕೆ ಕೂತರೆ ನಮ್ಮ ಬಾಯಿಯನ್ನೇ ನೋಡುತ್ತಿದ್ದಳು. "ಚಿಕ್ಕಮ್ಮ, ನಿನ್ನ ಕೋರೆಹಲ್ಲು ಸೂಪರ್, ಅದರ ಅಚ್ಚು ಕೊಡ್ತೀಯಾ?" ಎಂದು ಕೇಳಿದ ಹುಡುಗಿ ಅದು.

ಆದರೆ ಕೆಲಸದ ಜಾಗ ಊರಿನ ಆ ತುದಿ. ಭಾವ ಅದಕ್ಕೆ ಒಂದು ಸಭೆಯನ್ನೇ ಕರೆದರು. ಸಭೆಯ ಅಧ್ಯಕ್ಷರು ರೈಲು ಮಾಮ. ನಮ್ಮ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತು, ಚಹಾವನ್ನು ಸೊರ್ ಎಂದು ಹೀರಿ, ಲವಂಗದ ನಾರನ್ನು ನಮ್ಮ ಬಸಿಯ ಅಂಚಿಗೇ ಅಂಟಿಸಿದರು. ಆ ಬಸಿಯನ್ನು ನಾನು ಮೂರು ಸಲ ತೊಳೆದೆ.

ಭಾವ ಮಗಳಿಗೆ ಪಾಠ ಹೇಳಿದರು. "ಬ್ಯಾಗು ಯಾವತ್ತೂ ಎದೆ ಮುಂದೆ. ಪ್ಲಾಟ್‌ಫಾರಂ ಅಂಚಿಗೆ ನಿಲ್ಲಬಾರದು. ಬಾಗಿಲ ಹತ್ರ ಫೋನ್ ತೆಗೀಬಾರದು. ತೂಕಡಿಸಬಾರದು. ಇನ್ನು ಕೊನೇದು, ಇದು ಮುಖ್ಯ ಕೇಳು. ಏನಾದ್ರೂ ಕಷ್ಟ ಬಂತು ಅಂದ್ರೆ ಸುತ್ತ ನೋಡು, ನಮ್ಮವರು ಯಾರಿದ್ದಾರೆ ಅಂತ. ಅವರ ಪಕ್ಕ ಹೋಗಿ ನಿಂತ್ಕೋ."

"ಒಬ್ಬಳೇ ಹೋಗ್ತೀನಪ್ಪ. ಚಿಕ್ಕಮ್ಮ ಹೋಗಲ್ವಾ?" ಎಂದಳು ಪುಟ್ಟಿ.

"ಬೆಳಗ್ಗೆ ನನ್ನ ಜೊತೆ ಬಾ. ಸಂಜೆ ಗಡಿಯಾರದ ಕೆಳಗೆ ಬಂದು ಮಾಮನ ಜೊತೆ ಬಾ. ಅಮ್ಮನೂ ಅದೇ ರೈಲಲ್ಲಿ ಇರ್ತಾಳೆ. ಒಪ್ಪಿಗೆ ಇದ್ರೆ ಕೆಲಸ. ಇಲ್ಲಾಂದ್ರೆ ಮನೇಲಿರು."

"ನನ್ನ ಮೊಮ್ಮಗಳ ಹಾಗೆ ನೋಡ್ಕೋತೀನಿ," ಎಂದರು ಮಾಮ. ಅಕ್ಕ ಬಾಗಿಲ ಬಳಿ ನಿಂತಿದ್ದಳು. ಏನೋ ಹೇಳುವವಳ ಹಾಗೆ ಒಂದು ಹೆಜ್ಜೆ ಮುಂದೆ ಬಂದು, ಮತ್ತೆ ಅಡುಗೆಮನೆಗೆ ಹೋಗಿಬಿಟ್ಟಳು. ನಾನು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಕೆಲಸಕ್ಕೆ ಹೋಗುವ ಮೊದಲ ಬೆಳಿಗ್ಗೆ ಅಕ್ಕ ತನ್ನ ಕ್ಯಾರಿಯರನ್ನು ಮಗಳ ಕೈಗೆ ಕೊಟ್ಟಳು.

"ಅಲ್ಲಿ ಊಟ ಸಿಗುತ್ತಮ್ಮ."

"ಸಿಗಲಿ. ತಗೊಂಡು ಹೋಗು. ಸಂಜೆ ಬರುವಾಗ ತೊಡೆ ಮೇಲೇ ಇಟ್ಕೋ, ಕೆಳಗಿಡಬೇಡ." ಕ್ಯಾರಿಯರ್ ಕೊಟ್ಟ ಮೇಲೆ ಅಕ್ಕ ತಾನು ಮಗಳ ಹಳೆಯ ಶಾಲೆಯ ಬ್ಯಾಗಿಗೆ ಪೇಪರು ತುಂಬಿ ಉಬ್ಬಿಸಿ ಹೊತ್ತು ಹೋಗತೊಡಗಿದಳು. ಅಕ್ಕನಿಗೆ ವಯಸ್ಸಾದ ಮೇಲೆ ಓದುವ ಹುಚ್ಚು ಹಿಡಿಯಿತು ಎಂದು ನಾನು ನಕ್ಕೆ.

ಎರಡು ವಾರ ಕಳೆದಿರಬೇಕು. ಪುಟ್ಟಿ ಹಲ್ಲಿನ ಮಾತು ನಿಲ್ಲಿಸಿದಳು. ಮನೆಗೆ ಬಂದವಳೇ ಬಚ್ಚಲಿಗೆ ಹೋಗುವುದು, ಹಾಕಿದ್ದ ಪ್ಯಾಂಟನ್ನು ಅಂದೇ ಒಗೆದು ಹಾಕುವುದು. ಮಡಿ ಮಹಾರಾಣಿಯ ಗಾಳಿ ಇವಳಿಗೂ ಬೀಸಿತು ಎಂದರು ಭಾವ. ಒಂದು ದಿನ ಸಾರಿಗೆ ಲವಂಗ ಹಾಕಿದ್ದೆ. ಪುಟ್ಟಿ ತಟ್ಟೆ ಸರಿಸಿ ಎದ್ದುಹೋದಳು. ಬಚ್ಚಲಿನಿಂದ ವಾಂತಿ ಮಾಡುವ ಸದ್ದು ಕೇಳಿಸಿತು.

ಅವಳ ಕ್ಯಾರಿಯರ್ ತೊಳೆಯೋಣ ಎಂದು ಎತ್ತಿದೆ. ಹೂವಿನ ಹಾಗೆ ಹಗುರ. ಬಿಚ್ಚಿದೆ. ನಾಲ್ಕೂ ಡಬ್ಬಿ ಒಣಗಿ ಪಳಪಳ ಎನ್ನುತ್ತಿದ್ದವು. ಅನ್ನದ ಅಗುಳಿಲ್ಲ, ಎಣ್ಣೆಯ ಜಿಡ್ಡಿಲ್ಲ. ನನಗೆ ಕಲೆ ಗೊತ್ತು, ವಾಸನೆ ಗೊತ್ತು. ಆ ಡಬ್ಬಿಗಳಲ್ಲಿ ಬಹಳ ಕಾಲದಿಂದ ಯಾರೂ ಊಟ ಹಾಕಿರಲಿಲ್ಲ.

ಪುಟ್ಟಿ ಒರೆಸಿಕೊಳ್ಳುತ್ತ ಹೊರಗೆ ಬಂದಳು. "ಇದರಲ್ಲಿ ಊಟ ತಗೊಂಡು ಹೋಗ್ತಾ ಇಲ್ವಾ?" ಎಂದು ಕೇಳಿದೆ.

"ಅಮ್ಮ ಯಾವತ್ತೂ ಊಟ ಹಾಕಿಲ್ಲ. ಮಧ್ಯ ಇಟ್ಕೋ ಅಂದಿದ್ದಾಳೆ."

"ಯಾವುದರ ಮಧ್ಯ?"

ಅವಳು ನನ್ನ ಮುಖ ನೋಡಲಿಲ್ಲ. ಟವೆಲ್ಲಿನ ನೂಲು ಎಳೆಯುತ್ತ ಹೇಳಿದಳು. "ಮಾಮನಿಗೂ ನನಗೂ ಮಧ್ಯ. ಆದ್ರೆ ಅದು ನಿಲ್ಲಲ್ಲ ಚಿಕ್ಕಮ್ಮ. 'ಭಾರ ಅಲ್ವಾ ಮಗು, ಕೊಡಿಲ್ಲಿ' ಅಂತ ಅವರೇ ಎತ್ತಿ ಕೆಳಗಿಡ್ತಾರೆ. ದೊಡ್ಡವರು ಕೇಳಿದಾಗ ಕೊಡಲ್ಲ ಅನ್ನೋದು ಹೇಗೆ? ಆಮೇಲೆ ಕರ್ಚೀಫ್ ಹಾಸ್ತಾರೆ. ಅದರ ಕೆಳಗೆ ಕೈ ಬರುತ್ತೆ."

ಆ ಕರ್ಚೀಫು. ಆ ಬೆರಳು. ಆಸ್ಪತ್ರೆಯ ಯಾವ ಮೂಟೆ ಬಿಚ್ಚಿದಾಗಲೂ ಆಗದಿದ್ದ ಹೇಸಿಗೆ ಆಗ ಆಯಿತು.

"ಅಮ್ಮ ಅದೇ ಬೋಗೀಲಿ ಇರ್ತಾಳಲ್ಲೇ?"

"ಎದುರು ಸೀಟಲ್ಲಿ ಇರ್ತಾಳೆ. ಕಿಟಕಿ ನೋಡ್ತಿರ್ತಾಳೆ."

"ನೆಲದಡಿ ಹೋಗೋ ರೈಲಲ್ಲಿ ಕಿಟಕಿಯಿಂದ ಏನು ನೋಡ್ತಾಳೆ?"

ಪುಟ್ಟಿ ಟವೆಲ್ಲನ್ನು ಹಗ್ಗಕ್ಕೆ ಹಾಕಿ ಕೋಣೆಗೆ ಹೋದಳು.

ಇಲ್ಲಿಂದ ಮುಂದೆ ಆ ಮನುಷ್ಯನಿಗೆ ನಾನು ಬಹುವಚನ ಕೊಡುವುದಿಲ್ಲ. ಅವನಿಗೆ ಅಷ್ಟು ಸಾಕು.

ಮಾರನೆಯ ದಿನ ನನ್ನ ಪಾಳಿ ಮುಗಿದರೂ ಮನೆಗೆ ಹೋಗಲಿಲ್ಲ. ಅಕ್ಕ ಕೆಲಸಕ್ಕೆ ಬರುವುದನ್ನೇ ಕಾದಿದ್ದು, ಬಟ್ಟೆ ಮಡಿಸುವ ಉದ್ದನೆಯ ಮೇಜಿನ ಆ ಬದಿಗೆ ನಿಂತೆ. ಚಾದರದ ಎರಡು ತುದಿ ಅವಳ ಕೈಯಲ್ಲಿ, ಎರಡು ನನ್ನ ಕೈಯಲ್ಲಿ. "ಕ್ಯಾರಿಯರ್ ನೋಡಿದೆ," ಎಂದೆ.

ಅಕ್ಕ ಚಾದರ ಮಡಿಸುವುದನ್ನು ನಿಲ್ಲಿಸಲಿಲ್ಲ. "ನೋಡಿದ್ಯಾ. ಸರಿ."

"ಎಷ್ಟು ವರ್ಷದಿಂದ?"

"ಬಂದಾಗಿನಿಂದ. ನನಗೊಬ್ಬಳಿಗೇ ಅಲ್ಲ, ಎಲ್ಲರಿಗೂ ಗೊತ್ತು. ಟೈಲರ್ ಹೆಂಡ್ತಿ ಛತ್ರಿ ಇಟ್ಕೋತಾಳೆ. ನರ್ಸಮ್ಮ ರಟ್ಟಿನ ಡಬ್ಬ. ಒಬ್ಬೊಬ್ಬರದ್ದು ಒಂದೊಂದು. ಯಾರೂ ಬಾಯಿ ಬಿಟ್ಟು ಹೇಳಿಲ್ಲ, ಒಬ್ಬರದ್ದು ನೋಡಿ ಒಬ್ಬರು ಕಲ್ತ್ವಿ."

"ಗೊತ್ತಿದ್ದೂ ಮಗಳನ್ನ ಅವನ ಪಕ್ಕ ಕೂರಿಸಿದ್ಯಾ?"

"ಕ್ಯಾರಿಯರ್ ಕೊಟ್ಟೆನಲ್ಲ," ಎಂದಳು ಅಕ್ಕ. ಆ ಮಾತು ಅವಳು ಎಷ್ಟು ನಂಬಿ ಹೇಳಿದಳೆಂದರೆ ನನಗೆ ಅವಳ ಮೇಲೆ ಸಿಟ್ಟಿಗಿಂತ ಹೇಸಿಗೆಯೇ ಹೆಚ್ಚಾಯಿತು. "ಹೊರಗಿನವರ ಕೈಗೆ ಸಿಕ್ಕಿದ್ರೆ ಏನಾಗ್ತಿತ್ತೋ. ಎಷ್ಟಾದ್ರೂ ಅವರು ನಮ್ಮವರು. ಅದಕ್ಕಿಂತ ಮುಂದೆ ಹೋಗಲ್ಲ."

"ಥೂ! ಬೇಲಿನೇ ಎದ್ದು ಹೊಲ ಮೇಯ್ತಾ ಇದೆ, ನೀನು ಎಷ್ಟು ಮೇಯ್ತು ಅಂತ ಅಳತೆ ಹಾಕ್ತಾ ಇದ್ದೀಯಾ. ಭಾವನಿಗೆ ಹೇಳು."

"ಹೇಳಿದ್ರೆ ಏನಾಗುತ್ತೆ ಗೊತ್ತಾ? ಅವರಿಗೇನೂ ಆಗಲ್ಲ. ಹುಡುಗಿ ಕೆಲಸ ಬಿಡಿಸ್ತಾರೆ, ಅಷ್ಟೇ. ಅವಳಿಗೆ ಆ ಹಲ್ಲಿನ ಕೆಲಸ ಅಂದ್ರೆ ಪ್ರಾಣ."

ಇದು ಮಾತ್ರ ನಿಜವಾಗಿತ್ತು. ಹೇಳಿದರೆ ಕೆಲಸ ಹೋಗುತ್ತದೆ, ಹೇಳದಿದ್ದರೆ ದಿನವೂ ಆ ಕರ್ಚೀಫು. ಅಕ್ಕ ಮಡಿಸಿದ ಚಾದರಗಳು ಒಂದರ ಮೇಲೊಂದು ಬೆಳ್ಳಗೆ ಏರುತ್ತಿದ್ದವು. ಒಂದು ಸುಕ್ಕಿಲ್ಲ.

ಅಂದೇ ಸಂಜೆ ನಾನೂ ಗಡಿಯಾರದ ಕೆಳಗೆ ಹೋಗಿ ನಿಂತೆ. ಹೆಂಗಸರೆಲ್ಲ ಬಂದರು. ಇಷ್ಟು ದಿನ ಅವರನ್ನು ದೂರದಿಂದ ನೋಡಿದ್ದೆ, ಈಗ ಅವರ ಕೈಗಳನ್ನು ನೋಡಿದೆ. ಮಳೆಯಿಲ್ಲದ ಬೇಸಿಗೆಯ ಸಂಜೆಯಲ್ಲಿ ಛತ್ರಿ. ಏನೂ ತುಂಬಿರದ ರಟ್ಟಿನ ಡಬ್ಬ. ದಪ್ಪ ಕೋಟು ಮಡಿಸಿ ತೋಳಿನ ಮೇಲೆ. ಯುದ್ಧಕ್ಕೆ ಹೊರಟವರ ಹಾಗೆ ಎಲ್ಲರ ಬಳಿಯೂ ಒಂದೊಂದು ಗುರಾಣಿ, ಆದರೆ ಮುಖದಲ್ಲಿ ಮಾತ್ರ ಸಂತೆಗೆ ಹೊರಟ ಕಳೆ. "ಸೊಪ್ಪು ದುಬಾರಿ ಆಯ್ತು ಕಣ್ರೀ," ಎಂದು ಟೈಲರ್ ಹೆಂಡತಿ ಹೇಳುತ್ತಿದ್ದಳು.

"ಓಹೋ, ನೀವೂ ಬಂದ್ರಾ ಇವತ್ತು!" ಎಂದ ಮಾಮ. ಲವಂಗದ ವಾಸನೆ ಅವನಿಗಿಂತ ಮೊದಲೇ ಬಂದಿತ್ತು.

"ನಿಮ್ಮಿಂದ ಕಲಿಯೋಣ ಅಂತ ಬಂದೆ," ಎಂದೆ.

ಅದು ಎಲ್ಲ ಕಚೇರಿಗಳೂ ಬಿಡುವ ಹೊತ್ತು. ಮೈಗೆ ಮೈ ತಾಗುವಷ್ಟು ಜನ, ಬೆವರು, ಯಾರದೋ ತಲೆಗೆಣ್ಣೆ, ಇನ್ಯಾರದೋ ಕೈಯಲ್ಲಿ ಹಳಸಿದ ತಿಂಡಿ. ಆ ಗಲಾಟೆಯಲ್ಲೂ ಅವನು ಎಲ್ಲರನ್ನೂ ಸೀಟು ಹಿಡಿಸಿ ಕೂರಿಸಿದ. ಪುಟ್ಟಿಯನ್ನು ಮೂಲೆಗೆ, ಅವಳ ಪಕ್ಕ ತಾನು. ಅಕ್ಕನನ್ನು ಎದುರಿಗೆ. ನನಗೆ ಬೋಗಿಯ ಆ ಕೊನೆಯಲ್ಲಿ ಸೀಟು ತೋರಿಸಿದ. ನಾನು ಕೂರಲಿಲ್ಲ. ಅವನ ಮೊಣಕಾಲಿಗೆ ತಾಗುವಂತೆ ಕಂಬ ಹಿಡಿದು ನಿಂತೆ.

ಪುಟ್ಟಿ ಕ್ಯಾರಿಯರನ್ನು ತೊಡೆಯ ಮೇಲೆ ಎರಡೂ ಕೈಯಿಂದ ಹಿಡಿದುಕೊಂಡಿದ್ದಳು. ರೈಲು ಸುರಂಗಕ್ಕೆ ನುಗ್ಗಿತು. ಅಕ್ಕ ಕಿಟಕಿಯ ಕಡೆ ತಿರುಗಿದಳು. ಕಿಟಕಿಯಲ್ಲಿ ಕತ್ತಲು, ಕತ್ತಲಿನ ಮೇಲೆ ಅವಳದೇ ಮುಖ. ಆ ಮುಖದ ಪಕ್ಕದಲ್ಲೇ, ಸ್ಪಷ್ಟವಾಗಿ, ಎದುರು ಸೀಟು. ಅವಳು ದಿನವೂ ಏನು ನೋಡುತ್ತಿದ್ದಳೆಂದು ನನಗೆ ಆಗ ಗೊತ್ತಾಯಿತು.

ನಾನು ಅಲ್ಲೇ ನಿಂತಿದ್ದರೂ ಅವನಿಗೆ ಅಂಜಿಕೆ ಇರಲಿಲ್ಲ. ಅಭ್ಯಾಸಬಲ. ಜೇಬಿನಿಂದ ಕರ್ಚೀಫು ತೆಗೆದ. "ಭಾರ ಅಲ್ವಾ ಮಗು, ಕೊಡಿಲ್ಲಿ," ಎಂದ. ಎಷ್ಟು ಮೆತ್ತನೆಯ ದನಿ! ಪುಟ್ಟಿಯ ಕೈ ಸಡಿಲವಾಯಿತು.

"ನನಗೆ ಕೊಡಿ ಮಾಮ," ಎಂದು ನಾನು ಅವನ ಕೈಯಿಂದ ಕ್ಯಾರಿಯರ್ ಕಿತ್ತುಕೊಂಡೆ. ಕೊಂಡಿ ಬಿಚ್ಚಿದೆ. ಮೊದಲನೆಯ ಡಬ್ಬಿಯನ್ನು ಅವನ ತೊಡೆಯ ಮೇಲಿಟ್ಟೆ. "ಭಾರ ಅಂದ್ರಲ್ಲ, ನೋಡಿ ಎಷ್ಟು ಭಾರ ಇದೆ. ಅನ್ನ ಇದೆಯಾ? ಇಲ್ಲ." ಎರಡನೆಯದನ್ನು ಅದರ ಮೇಲಿಟ್ಟೆ. "ಸಾರು? ಇಲ್ಲ." ಮೂರನೆಯದು, ನಾಲ್ಕನೆಯದು. "ಪಲ್ಯ? ಮಜ್ಜಿಗೆ? ಏನೂ ಇಲ್ಲ. ಖಾಲಿ ಕ್ಯಾರಿಯರ್ ಇಷ್ಟು ವರ್ಷ ಯಾಕೆ ಹೊತ್ಕೊಂಡು ಬರ್ತಾರೆ ಮಾಮ ನಮ್ಮ ಹೆಂಗಸರು? ಹೇಳಿ. ನಿಮಗೆ ಗೊತ್ತಿಲ್ದೇ ಇರೋ ವಿಷಯ ಈ ರೈಲಲ್ಲಿ ಇಲ್ವಲ್ಲ."

ಬೋಗಿಯಲ್ಲಿದ್ದ ನಮ್ಮ ಹೆಂಗಸರೆಲ್ಲ ಒಮ್ಮೆಲೇ ತಮ್ಮ ಕೈಯನ್ನು ನೋಡಿಕೊಂಡರು. ಛತ್ರಿಯನ್ನು ಟೈಲರ್ ಹೆಂಡತಿ ಸೆರಗಿನೊಳಗೆ ಸರಿಸಿದಳು. "ಬಿಡಿಯಮ್ಮ, ಜನ ನೋಡ್ತಾರೆ," ಎಂದಳು ನರ್ಸಮ್ಮ, ಪಿಸುದನಿಯಲ್ಲಿ.

"ನೋಡ್ಲಿ!" ಎಂದೆ.

"ತಲೆ ಕೆಟ್ಟಿದೆ ಈಕೆಗೆ," ಎಂದ ಅವನು, ಡಬ್ಬಿಗಳನ್ನು ಸೀಟಿನ ಮೇಲೆ ಸರಿಸಿ ಏಳುತ್ತ. ಲವಂಗ ನುಂಗಿಬಿಟ್ಟಿದ್ದ ಎಂದು ಕಾಣುತ್ತದೆ, ಕೆಮ್ಮು ಹತ್ತಿತ್ತು. "ನನ್ನ ವಯಸ್ಸಿಗಾದ್ರೂ ಮರ್ಯಾದೆ ಬೇಡ್ವಾ?"

ಬೈಯಲು ನನ್ನಲ್ಲಿ ಕನ್ನಡ ಬೇಕಾದಷ್ಟಿತ್ತು. ಆದರೆ ಅದನ್ನು ಕೇಳಿಸಿಕೊಂಡವರೆಲ್ಲ ಕಿವುಡರ ಹಾಗೆ ಕೂತಿದ್ದರು. ಕೈ ಚಾಚಿ ಬಾಗಿಲ ಪಕ್ಕದ ಹಳದಿ ಗುಂಡಿ ಒತ್ತಿದೆ. ಈ ಊರಿನ ಭಾಷೆಯಲ್ಲಿ ನನಗೆ ಬರುವಷ್ಟನ್ನೇ, ಆ ಮೈಕಿನ ಹೆಂಗಸಿನ ರಾಗದಲ್ಲೇ, ಅವನ ಕಡೆ ಬೆರಳು ಮಾಡಿ ಗಟ್ಟಿಯಾಗಿ ಹೇಳಿದೆ: "ಗಮನಿಸಿ. ಅನುಮಾನ ಬರುವಂಥ ವಸ್ತು. ಮುಟ್ಟಬೇಡಿ. ಸಿಬ್ಬಂದಿಗೆ ತಿಳಿಸಿ."

ಯಾರೋ ನಕ್ಕರು. ಆಮೇಲೆ ಪುಟ್ಟಿಯ ಮುಖ ನೋಡಿ ನಗು ನಿಲ್ಲಿಸಿದರು. ಮುಂದಿನ ನಿಲ್ದಾಣದಲ್ಲಿ ರೈಲು ನಿಂತೇ ನಿಂತಿತು. ಕಾವಲಿನ ಹೆಂಗಸೊಬ್ಬಳು ಒಳಗೆ ಬಂದು ಏನಾಯಿತು ಎಂದಳು. ನನ್ನ ಭಾಷೆ ಅಲ್ಲಿಗೆ ಮುಗಿದಿತ್ತು. ಬಾಗಿಲು ಮುಚ್ಚುತ್ತಿದೆ ಎನ್ನಲೇ?

ಪುಟ್ಟಿ ಎದ್ದು ನಿಂತಳು. ಮೊದಲು ತೊದಲಿದಳು, ಆಮೇಲೆ ಹೇಳಿದಳು. ಎಲ್ಲವನ್ನೂ ಹೇಳಿದಳೆಂದು ಆ ಕಾವಲಿನವಳ ದವಡೆ ಬಿಗಿದದ್ದರಿಂದಲೇ ಗೊತ್ತಾಯಿತು. ಅವಳು ನಮ್ಮ ಹೆಂಗಸರ ಕಡೆ ತಿರುಗಿ ಒಂದು ಪ್ರಶ್ನೆ ಕೇಳಿದಳು.

"ಯಾರಾದ್ರೂ ನೋಡಿದ್ರಾ ಅಂತ ಕೇಳ್ತಿದ್ದಾಳೆ," ಎಂದಳು ಪುಟ್ಟಿ ಕನ್ನಡದಲ್ಲಿ. ಅವರಿಗೆ ಪ್ರಶ್ನೆ ಅರ್ಥವಾಗಿಲ್ಲವೆಂದಲ್ಲ. ಅವರಲ್ಲಿ ಅರ್ಧ ಜನ ಅವಳಿಗಿಂತ ಚೆನ್ನಾಗಿ ಆ ಭಾಷೆ ಬಲ್ಲವರು. ಟೈಲರ್ ಹೆಂಡತಿ ಕಿಟಕಿ ನೋಡಿದಳು. ನರ್ಸಮ್ಮ ಕಿಟಕಿ ನೋಡಿದಳು. ಎಲ್ಲರಿಗೂ ಆಗ ಕಿಟಕಿಯೇ ಬೇಕಾಯಿತು. ಥೂ ಎಂದು ಉಗಿಯುವಷ್ಟು ಎಂಜಲು ನನ್ನ ಬಾಯಲ್ಲಿ ಉಳಿದಿರಲಿಲ್ಲ.

"ನೋಡಿದೆ," ಎಂದಿತು ಒಂದು ದನಿ, ಆ ಊರಿನ ಭಾಷೆಯಲ್ಲಿ. ಅಕ್ಕ. ಎದ್ದಿರಲಿಲ್ಲ, ಶಾಲೆಯ ಬ್ಯಾಗನ್ನು ಎದೆಗೆ ಅವುಚಿಕೊಂಡೇ ಇದ್ದಳು. "ನಾನು ತಾಯಿ. ದಿನಾ ನೋಡಿದೆ."

ಕಾವಲಿನವಳು ಅವನ ತೋಳು ಹಿಡಿದು ಇಳಿಸಿದಳು. ದೊಡ್ಡ ಶಿಕ್ಷೆ ಏನೂ ಆಗಲಿಲ್ಲ, ಬರೆದುಕೊಂಡು, ಎಚ್ಚರಿಕೆ ಕೊಟ್ಟು ಬಿಟ್ಟರಂತೆ. ಅದು ಆಮೇಲೆ ತಿಳಿಯಿತು. ಆಗ ನಾನು ನೋಡಿದ್ದು ಇಷ್ಟೇ. ಅವನು ಕೂತಿದ್ದ ಸೀಟಿನ ಮೇಲೆ ಕರ್ಚೀಫು ಹಾಗೇ ಬಿದ್ದಿತ್ತು, ನಾಲ್ಕು ಡಬ್ಬಿಗಳ ಪಕ್ಕದಲ್ಲಿ. ಅದನ್ನು ಯಾರೂ ಮುಟ್ಟಲಿಲ್ಲ. ನಾವು ಇಳಿಯುವವರೆಗೂ ಆ ಜಾಗದಲ್ಲಿ ಯಾರೂ ಕೂರಲೂ ಇಲ್ಲ. ಇಳಿಯುವಾಗ ಅಕ್ಕ ಡಬ್ಬಿಗಳನ್ನು ಮಾತ್ರ ಜೋಡಿಸಿ, ಬ್ಯಾಗಿನ ಪೇಪರು ಕಿತ್ತೆಸೆದು ಅದರೊಳಗೆ ಹಾಕಿಕೊಂಡಳು.

ನಾವು ಮನೆ ಮುಟ್ಟುವುದಕ್ಕೆ ಮೊದಲೇ ಫೋನು ಮನೆ ಮುಟ್ಟಿತ್ತು. ಭಾವ ಊಟದ ಮೇಜಿನ ಮುಂದೆ ಕೆಂಡವಾಗಿ ಕೂತಿದ್ದರು.

"ಪರದೇಶದವರ ಮುಂದೆ ನಮ್ಮವರ ಮಾನ ಹರಾಜು ಹಾಕಿ ಬಂದ್ರಾ? ಆ ಮನುಷ್ಯ ಇಲ್ದಿದ್ರೆ ನಾವು ಈ ಊರಲ್ಲಿ ಇರ್ತಿದ್ವಾ? ಏನೋ ವಯಸ್ಸಾದವರು, ಜನಜಂಗುಳಿ, ಕೈ ತಾಗಿರುತ್ತೆ. ಸಾಕು. ನಾಳೆಯಿಂದ ಇವಳ ಕೆಲಸ ಬೇಡ. ಹಲ್ಲು ಮಾಡಿದ್ದು ಸಾಕು."

ಪುಟ್ಟಿ ಬಾಗಿಲ ಬಳಿ ಷೂ ಕೂಡ ಬಿಚ್ಚದೆ ನಿಂತಿದ್ದಳು. ನಾನು ಬಾಯಿ ತೆರೆದೆ. ಅಕ್ಕ ನನ್ನ ಕೈ ಒತ್ತಿ ತಡೆದಳು. ಬ್ಯಾಗಿನಿಂದ ಕ್ಯಾರಿಯರ್ ತೆಗೆದು ಗಂಡನ ಮುಂದೆ, ತಟ್ಟೆ ಇಡುವ ಜಾಗದಲ್ಲಿ ಇಟ್ಟಳು.

"ಊಟ ಮಾಡಿ," ಎಂದಳು.

ಭಾವ ಸಿಟ್ಟಿನಲ್ಲೇ ಕೊಂಡಿ ಎಳೆದರು. ಮೇಲಿನ ಡಬ್ಬಿ ತೆಗೆದರು. ಖಾಲಿ. ಎರಡನೆಯದು. ಖಾಲಿ. ಮೂರನೆಯದನ್ನು ಎತ್ತುವಾಗ ಅವರ ಕೈ ನಿಧಾನವಾಯಿತು. ನಾಲ್ಕನೆಯದನ್ನು ನೋಡದೆಯೇ ಬಿಟ್ಟರು.

ನಾವು ಮೂವರೂ ಕಾದೆವು. ಯಾವ ಗಂಡಸಾದರೂ, ಬುದ್ಧಿ ನೆಟ್ಟಗಿರುವ ಯಾವ ಮನುಷ್ಯನಾದರೂ ಆಗ ಕೇಳುವುದು ಒಂದೇ ಮಾತು. ಇದೇನಿದು, ಖಾಲಿ ಯಾಕೆ? ಭಾವ ಅದನ್ನು ಕೇಳಲಿಲ್ಲ. ಡಬ್ಬಿಗಳನ್ನು ಒಂದರ ಮೇಲೊಂದು ಸರಿಯಾಗಿ ಕೂರಿಸಿ, ಕೊಂಡಿ ಹಾಕಿದರು.

"ಕೇಳಿ," ಎಂದಳು ಅಕ್ಕ.

ಅವರು ಮೇಜನ್ನು ನೋಡುತ್ತಿದ್ದರು.

"ಖಾಲಿ ಯಾಕೆ ಅಂತ ಕೇಳಿ ಅಂದೆ."

"ಆಗ ನಾವು ಹೊಸಬರು," ಎಂದರು ಭಾವ. "ಅವರನ್ನ ಬಿಟ್ರೆ ನಮಗೆ ಯಾರಿದ್ರು?"

ಅಕ್ಕನ ಮುಖದಲ್ಲಿ ಏನು ಬಂತೋ ನನಗೆ ಹೇಳಲು ಬರುವುದಿಲ್ಲ. ನನಗೆ ಮಾತ್ರ ಆ ಕೋಣೆಯೇ ಗಬ್ಬು ನಾರಿತು. ಕುರ್ಚಿ, ಚಹಾದ ಬಸಿ, ಇಷ್ಟು ವರ್ಷ ಆ ಮೇಜಿನ ಮೇಲೆ ಉಂಡ ಅನ್ನ, ಎಲ್ಲ. ಬಚ್ಚಲಿಗೆ ಹೋಗಿ ಮೊಣಕೈವರೆಗೆ ಸೋಪು ಹಾಕಿ ಉಜ್ಜಿದೆ. ಎರಡು ಸಲ ಉಜ್ಜಿದೆ. ಏನು ಉಜ್ಜುತ್ತಿದ್ದೇನೆಂದು ಗೊತ್ತಾಗದೆ ನಲ್ಲಿ ನಿಲ್ಲಿಸಿದೆ.

ನಾನು ಹೊರಗೆ ಬಂದಾಗ ಅಕ್ಕ ಹೇಳುತ್ತಿದ್ದಳು, "ನಾಳೆ ಅವಳು ಕೆಲಸಕ್ಕೆ ಹೋಗ್ತಾಳೆ. ಹೋಗೋದೂ ಒಬ್ಬಳೇ, ಬರೋದೂ ಒಬ್ಬಳೇ." ಭಾವ ಇಲ್ಲ ಎನ್ನಲಿಲ್ಲ. ಇಲ್ಲ ಎನ್ನುವ ಬಾಯಿ ಅವರಿಗೆ ಉಳಿದಿರಲಿಲ್ಲ.

ಬೆಳಿಗ್ಗೆ ಪುಟ್ಟಿ ಬರಿಗೈಯಲ್ಲಿ, ಒಂದು ಸಣ್ಣ ಬ್ಯಾಗು ಹಾಕಿಕೊಂಡು ಹೊರಟಳು. ಕ್ಯಾರಿಯರ್ ಮೇಜಿನ ಮೇಲೆ ಇಟ್ಟಲ್ಲೇ ಇತ್ತು. ಭಾವ ಅದರ ಈ ಕಡೆ ಕೂತು ಚಹಾ ಕುಡಿಯುತ್ತಿದ್ದರು. ಮಗಳು ಬಾಗಿಲು ತೆರೆದಾಗ ಅಭ್ಯಾಸದಂತೆ ಶುರುಮಾಡಿದರು.

"ಬ್ಯಾಗು ಎದೆ ಮುಂದೆ ಹಾಕ್ಕೋ."

"ಹೂಂ ಅಪ್ಪ."

"ಅಂಚಿಗೆ ನಿಲ್ಲಬೇಡ. ಬಾಗಿಲ ಹತ್ರ ಫೋನ್ ತೆಗೀಬೇಡ. ತೂಕಡಿಸಬೇಡ."

"ಹೂಂ."

ಕೊನೆಯದನ್ನು, ಆ 'ನಮ್ಮವರ' ಮಾತನ್ನು, ಹೇಳಲು ಬಾಯಿ ತೆರೆದರು. ಪುಟ್ಟಿ ಬಾಗಿಲ ಹಿಡಿ ಬಿಡದೆ, ಅವರ ಮುಖವನ್ನೇ ನೋಡುತ್ತ, ಅದನ್ನು ಕೇಳಿಸಿಕೊಳ್ಳಲು ನಿಂತಳು. ಭಾವನ ಬಾಯಿ ಸ್ವಲ್ಪ ಹೊತ್ತು ತೆರೆದೇ ಇತ್ತು. ಆಮೇಲೆ ಮುಚ್ಚಿಕೊಂಡರು.

ಅವಳು ಮೆಟ್ಟಿಲಿಳಿದು ಹೋದಳು.